ಕೊನೆಯಿಲ್ಲದ ಆಟಕ್ಕೆ ಬೇಸರವೂ ಇಲ್ಲವೇ?

ಆಟವೆಂದರೆ ಅದಕ್ಕೊಂದು ಕೊನೆ ಇರಬೇಕೆಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಚೌಕಾಬಾರದಲ್ಲಿ ಕಾಯಿ ಹಣ್ಣಾದರೆ ಮುಗಿಯಿತು. ಕ್ರಿಕೆಟಿನಲ್ಲಿ ಓವರು ತೀರಿದರೆ ಮುಗಿಯಿತು. ಆದರೆ ಈಗಿನ ಮಕ್ಕಳ ಕಂಪ್ಯೂಟರುಗಳಲ್ಲಿ ಮುಗಿಯದೇ ಇರುವ ಆಟಗಳೂ ಬಂದಿವೆ. ಅಂಥವುಗಳಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬುದು ಬಹಳ ಹೆಸರು ಮಾಡಿದ ಆಟ. ಕೆಟ್ಟು ನಿಂತ ಒಂದು ಆಕಾಶನೌಕೆಯ ಪಕ್ಕದಲ್ಲಿ, ಹೆಸರಿಲ್ಲದ ಯಾವುದೋ ಗ್ರಹದ ಮೇಲೆ ನೀವು ಕಣ್ಣು ಬಿಡುತ್ತೀರಿ. ಖನಿಜ ಅಗೆದು, ನೌಕೆ ರಿಪೇರಿ ಮಾಡಿಕೊಂಡು ಮೇಲಕ್ಕೆ ಹಾರಿದರೆ ಮುಂದಿನದು ನಿಮಗೆ ಬಿಟ್ಟದ್ದು. ನಕ್ಷತ್ರಪುಂಜದ ನಡುವನ್ನು ತಲುಪಬೇಕೆಂಬ ಗುರಿಯೊಂದು ಇದೆಯಾದರೂ ತಲುಪಲೇಬೇಕೆಂದೇನೂ ಇಲ್ಲ. ತಲುಪಿದರೆ ಅಲ್ಲಿಂದಾಚೆ ಇನ್ನೊಂದು ನಕ್ಷತ್ರಪುಂಜ!

ಇಂಥ ಆಟ ಎಷ್ಟು ದಿನ ಹಿಡಿದಿಟ್ಟೀತು? ಇದು ಮಕ್ಕಳಷ್ಟೇ ಕೇಳುವ ಪ್ರಶ್ನೆಯಲ್ಲ. ಆಟಕ್ಕೆ ತಕ್ಕ ಕಂಪ್ಯೂಟರಿಗಾಗಿ ಹಣ ಹೊಂದಿಸಬೇಕಾದ ತಂದೆತಾಯಿಗಳೂ ಇದನ್ನೇ ಕೇಳುತ್ತಾರೆ. ಅವರು ಕೇಳುವುದರಲ್ಲಿ ಎರಡು ಭಯಗಳಿರುತ್ತವೆ. ಬೇಗ ಬೇಸರ ಬಂದರೆ ದುಡ್ಡು ಹೋಯಿತು. ಬೇಸರವೇ ಬಾರದಿದ್ದರೆ ಹುಡುಗ ಹೋದ!

ಮೊದಲು ಆಟದ ಅಳತೆಯನ್ನು ನೋಡೋಣ. ಅದರಲ್ಲಿರುವ ಗ್ರಹಗಳ ಸಂಖ್ಯೆ 1,84,46,74,40,73,70,95,51,616 ಎಂದು ಹೇಳಲಾಗುತ್ತದೆ. ಎರಡನ್ನು ಅರವತ್ನಾಲ್ಕು ಬಾರಿ ಗುಣಿಸಿದರೆ ಬರುವ ಸಂಖ್ಯೆ ಇದು. ಚದುರಂಗದ ಕಥೆ ಕೇಳಿದವರಿಗೆ ಇದು ಹೊಸದಲ್ಲ. ಚದುರಂಗವನ್ನು ಕಂಡುಹಿಡಿದವನು ರಾಜನಲ್ಲಿ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಗೋಧಿ ಬೇಡಿದ ಕಥೆಯನ್ನು 13ನೇ ಶತಮಾನದಲ್ಲೇ ಇಬ್ನ್ ಖಲ್ಲಿಕಾನ್ ಬರೆದಿಟ್ಟಿದ್ದಾರೆ. ಆ ರಾಜ ಕೊಡಲಾಗದೆ ಸೋತ ಕಾಳುಗಳಿಗಿಂತ ಈ ಆಟದ ಗ್ರಹಗಳು ಒಂದೇ ಒಂದು ಹೆಚ್ಚು. ಸೆಕೆಂಡಿಗೊಂದರಂತೆ ನೋಡುತ್ತ ಹೋದರೂ ಎಲ್ಲ ಗ್ರಹಗಳನ್ನು ನೋಡಿ ಮುಗಿಸಲು 58 ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಬೇಕು.

ಇಷ್ಟನ್ನೂ ಯಾರಾದರೂ ಕೂತು ಚಿತ್ರ ಬರೆದಿದ್ದಾರೆಯೇ? ಇಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ‘ಹಲೋ ಗೇಮ್ಸ್’ ಎಂಬ ಪುಟ್ಟ ಕಂಪನಿಯಲ್ಲಿ ಆಗ ಇದ್ದದ್ದು ಬೆರಳೆಣಿಕೆಯ ಜನ. ಗ್ರಹಗಳು ಎಲ್ಲಿಯೂ ಶೇಖರವಾಗಿಲ್ಲ. ಪ್ರತಿ ಗ್ರಹಕ್ಕೂ ಬೀಜದಂಥ ಒಂದು ಸಂಖ್ಯೆ ಇರುತ್ತದೆ. ನೀವು ಹತ್ತಿರ ಬಂದಾಗ ಸೂತ್ರವು ಆ ಸಂಖ್ಯೆಯನ್ನು ಹಿಡಿದು ಬೆಟ್ಟ, ಕಡಲು, ಹುಲ್ಲಿನ ಬಣ್ಣ, ಪ್ರಾಣಿಯ ಕಾಲು ಎಲ್ಲವನ್ನೂ ಅಲ್ಲೇ ಲೆಕ್ಕ ಹಾಕಿ ಕಟ್ಟುತ್ತದೆ, ಬಿಟ್ಟು ಹೋದಾಗ ಅಳಿಸುತ್ತದೆ. ಅದೇ ಸಂಖ್ಯೆಯಿಂದ ಅದೇ ಗ್ರಹವೇ ಹುಟ್ಟುವುದರಿಂದ ತಿಕೋಟಾದವನು ಕಂಡ ಬೆಟ್ಟವನ್ನೇ ಟೋಕಿಯೋದವನೂ ಕಾಣುತ್ತಾನೆ.

ಈ ಉಪಾಯ ಹಳೆಯದು. 1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ‘ಎಲೀಟ್’ ಎಂಬ ಆಟ ಮಾಡಿದ್ದರು. ಅವರ ಕಂಪ್ಯೂಟರಿನ ಸ್ಮರಣೆ ಕೇವಲ 32 ಕಿಲೋಬೈಟ್. ಇಂದು ಫೋನಿನಲ್ಲಿ ಬರುವ ಒಂದು ಚಿತ್ರಕ್ಕೂ ಅದು ಸಾಲದು. ಹಾಗಿದ್ದೂ ಬೀಜಸಂಖ್ಯೆಯ ಉಪಾಯದಿಂದ 281 ಲಕ್ಷ ಕೋಟಿ ನಕ್ಷತ್ರಪುಂಜಗಳನ್ನು ಕೊಡಲು ಅವರಿಗೆ ಸಾಧ್ಯವಿತ್ತು. ಪ್ರಕಾಶಕರು ಬೇಡವೆಂದರು. ಅಷ್ಟನ್ನು ಕೊಟ್ಟರೆ ಎಲ್ಲವೂ ಒಂದೇ ತೆರನಾಗಿರುವುದು ಆಡುವವರ ಕಣ್ಣಿಗೆ ಬಿದ್ದೀತು ಎಂಬ ಅಂಜಿಕೆ ಅವರದು. ಕೊನೆಗೆ ಉಳಿದದ್ದು ಎಂಟೇ ಪುಂಜಗಳು, ಒಂದೊಂದರಲ್ಲಿ 256 ನಕ್ಷತ್ರಗಳು. ಆ ಆಟವನ್ನು ನೆನೆಸಿಕೊಂಡು ಮಾತಾಡುವವರು ಇಂದಿಗೂ ಇದ್ದಾರೆ. ವ್ಯಾಪಾರಸ್ಥರ ಅಂಜಿಕೆಯಲ್ಲೂ ಕೆಲವೊಮ್ಮೆ ಬುದ್ಧಿ ಇರುತ್ತದೆ ನೋಡಿ.

ಮೂವತ್ತೆರಡು ವರ್ಷಗಳ ನಂತರ, 2016ರ ಆಗಸ್ಟಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಹೊರಬಂದಾಗ ಅದೇ ಅಂಜಿಕೆ ನಿಜವಾಯಿತು. ಮೊದಲ ದಿನಗಳಲ್ಲಿ ‘ಸ್ಟೀಮ್’ ಅಂಗಡಿಯ ಮೂಲಕ ಏಕಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದರು. ಕೆಲವೇ ವಾರಗಳಲ್ಲಿ ಅದು ಕೆಲವು ಸಾವಿರಕ್ಕೆ ಇಳಿಯಿತು. ಬೇಸರಕ್ಕಿಂತ ಸಿಟ್ಟೇ ದೊಡ್ಡದಾಗಿತ್ತು. ಬೇರೆ ಆಟಗಾರರು ಎದುರಾಗಬಹುದೆಂಬ ನಿರೀಕ್ಷೆ ಹುಟ್ಟಿಸಲಾಗಿತ್ತು. ಆದರೆ ಇಬ್ಬರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರೂ ಒಬ್ಬರಿಗೊಬ್ಬರು ಕಾಣಲೇ ಇಲ್ಲ! ದೂರು ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರದವರೆಗೂ ಹೋಯಿತು. ಜಾಹೀರಾತಿನಲ್ಲಿ ತಪ್ಪಿಲ್ಲವೆಂದು ಅದೇ ನವೆಂಬರಿನಲ್ಲಿ ತೀರ್ಪು ಬಂದರೂ ಕೆಟ್ಟ ಹೆಸರು ಉಳಿಯಿತು.

ಮಣೂಕದ ರಾಶಿಯಲ್ಲಿ ಹೊಸದೇನು?

ಬೇಸರ ಯಾಕೆ ಬರುತ್ತದೆ ಎಂಬುದನ್ನು ಕೇಟ್ ಕಾಂಪ್ಟನ್ ಎಂಬ ಅಮೆರಿಕದ ಸಂಶೋಧಕಿ ಗಂಜಿಯ ಹೋಲಿಕೆಯಿಂದ ವಿವರಿಸಿದ್ದಾರೆ. ಹತ್ತು ಸಾವಿರ ಬಟ್ಟಲು ಗಂಜಿ ಬಡಿಸಿ, ಪ್ರತಿ ಬಟ್ಟಲಲ್ಲೂ ಕಾಳುಗಳು ಬೇರೆ ಬೇರೆ ರೀತಿ ಕೂತಿವೆ ಎಂದು ಲೆಕ್ಕದಲ್ಲಿ ತೋರಿಸಬಹುದು. ಉಣ್ಣುವವನಿಗೆ ಮಾತ್ರ ಕಾಣುವುದು ಬರೀ ಗಂಜಿ.

ವಿಜಯಪುರದವರಿಗೆ ಗಂಜಿಗಿಂತ ಹತ್ತಿರದ ಹೋಲಿಕೆ ಬೇಕೆಂದರೆ ಅಥಣಿ ರಸ್ತೆಯಲ್ಲಿ ತಿಕೋಟಾದ ಕಡೆ ಹೋಗಬೇಕು. ಫೆಬ್ರವರಿ–ಮಾರ್ಚಿನಲ್ಲಿ ಅಲ್ಲಿ ಸಾಲುಸಾಲು ಶೆಡ್‌ಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ಅಂತಸ್ತಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಹದಿನೈದು ದಿನದ ಆಸುಪಾಸಿನಲ್ಲಿ ಅದು ಒಣದ್ರಾಕ್ಷಿ, ಅಂದರೆ ನಮ್ಮ ಕಡೆಯ ಮಣೂಕ. ಒಂದು ಕಾಳಿನ ಸುಕ್ಕು ಇನ್ನೊಂದರಂತೆ ಇರುವುದಿಲ್ಲ. ಆದರೆ ಒಂದೊಂದರ ಸುಕ್ಕನ್ನು ನೋಡುತ್ತ ಬೆರಗಾದವರುಂಟೇ? ಶೆಡ್‌ನವನು ನೋಡುವುದು ಬಣ್ಣ, ಗಾತ್ರ, ಮತ್ತು ಮೋಡ. ಆ ಹದಿನೈದು ದಿನಗಳಲ್ಲಿ ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ವ್ಯತ್ಯಾಸದಿಂದ ಏನಾದರೂ ಆಗುವುದಿದ್ದರೆ ಮಾತ್ರ ಮನುಷ್ಯನ ಕಣ್ಣು ಅದನ್ನು ವ್ಯತ್ಯಾಸವೆಂದು ಲೆಕ್ಕಕ್ಕೆ ಹಿಡಿಯುತ್ತದೆ.

ತಿಕೋಟಾದ ಮಾತು ಬಂದದ್ದಕ್ಕೆ ಕಾರಣವಿದೆ. ನನ್ನ ಅಕ್ಕನ ಮನೆ ಅಲ್ಲಿಯೇ. ಅವಳ ಮಗ ವಿಜಯಪುರದಲ್ಲಿ ಪಿಯುಸಿ ಓದುವವನು. ಪರೀಕ್ಷೆ ಮುಗಿದ ರಜೆಯಲ್ಲಿ, ಪುಣೆಯಲ್ಲಿ ಕೆಲಸಕ್ಕಿರುವ ಅವನ ದೊಡ್ಡಪ್ಪನ ಮಗ ತನ್ನ ಕಂಪ್ಯೂಟರನ್ನು ಎರಡು ತಿಂಗಳ ಮಟ್ಟಿಗೆ ಅವರ ಮನೆಯಲ್ಲಿ ಬಿಟ್ಟು ಹೋದ. ಅದರಲ್ಲಿ ಈ ಆಟವಿತ್ತು. ಹುಡುಗ ಮೊದಲ ವಾರದಲ್ಲೇ ಅಪ್ಪನ ಮುಂದೆ ಬೇಡಿಕೆ ಇಟ್ಟ: ತನಗೂ ಇಂಥದೊಂದು ಬೇಕು. ಭಾವ ನನ್ನನ್ನು ಕರೆದು ಕೇಳಿದರು: “ನೋಡವಾ ತಂಗಿ, ಮಣೂಕ ಮಾರಿದ ರೊಕ್ಕ ಐತಿ ಇದು. ಈ ಗೀಳು ಎಷ್ಟ ದಿನ ಇರ್ತೈತಿ ಹೇಳು. ಮೂರ ತಿಂಗಳಿಗೆ ಮೂಲ್ಯಾಗ ಬೀಳೂದಿದ್ರ ಯಾಕ್ ಬೇಕು?”

ಎರಡು ತಿಂಗಳು ಕಾದು ನೋಡೋಣವೆಂದೆ. ಹುಡುಗನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಕಂಡ ಪ್ರತಿ ಗ್ರಹದ ಹೆಸರು, ಆಕಾಶದ ಬಣ್ಣ, ಸೆಕೆಯೋ ಚಳಿಯೋ, ಪ್ರಾಣಿಗಳೆಷ್ಟು ಎಂದು ಬರೆಯುತ್ತಿದ್ದ. ಮೊದಲ ವಾರ ಒಂದೊಂದು ಗ್ರಹಕ್ಕೆ ಒಂದೊಂದು ಪುಟ. ನಡುವೆ ಚಿತ್ರ ಬೇರೆ. ಮೂರನೆಯ ವಾರಕ್ಕೆ ಪುಟಕ್ಕೆ ಐದಾರು ಗ್ರಹಗಳು. ಕೊನೆಯ ಸಾಲುಗಳಲ್ಲಿ ‘ಹಸಿರು’, ಅದರ ಕೆಳಗೆ ‘ಮತ್ತೆ ಹಸಿರು’ ಎಂದಷ್ಟೇ ಇತ್ತು. ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಪರದೆಯ ಮೇಲಿನ ಪ್ರಾಣಿಯೊಂದನ್ನು ತೋರಿಸಿ, “ಖಾಲಾ, ಇದನ್ನ ನಾ ಮೊದ್ಲ ನೋಡೇನ್ರಿ. ಕಾಲು ಅದs, ತಲಿ ಬ್ಯಾರೆ ಹಚ್ಯಾರ ಅಷ್ಟ” ಎಂದ. ಸೂತ್ರ ಅವನಿಗೆ ಸಿಕ್ಕಿಬಿಟ್ಟಿತ್ತು! ಬೆರಗು ತೀರಿತ್ತು.

ಭಾವನಿಗೆ ಇಷ್ಟು ಸಾಕಾಗಿತ್ತು. ಆದರೆ ಹುಡುಗ ಆಟ ಬಿಡಲಿಲ್ಲ, ಆಡುವ ಬಗೆ ಬದಲಿಸಿದ. ತಿರುಗಾಟ ನಿಲ್ಲಿಸಿ ಒಂದೇ ಗ್ರಹದಲ್ಲಿ ನೆಲೆ ನಿಂತ. ಅದರಲ್ಲಿ ಗೋಡೆ, ಛಾವಣಿಗಳ ತುಂಡುಗಳನ್ನು ಜೋಡಿಸಿ ಮನೆ ಕಟ್ಟಬಹುದು. ಇವನು ಗೋಲಗುಂಬಜ್ ಕಟ್ಟಲು ಹೊರಟ. ನಾಲ್ಕು ಗೋಡೆ ಎದ್ದಮೇಲೆ ತೊಡಕು ಬಂತು. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರುವುದು ಹೇಗೆ? ಒಂದು ಭಾನುವಾರ ಬಸ್ಸು ಹತ್ತಿ ನಿಜವಾದ ಗೋಲಗುಂಬಜ್‌ಗೆ ಹೋದ.

ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಮೇಲಿನ ಸುತ್ತುಪಡಸಾಲೆಯಲ್ಲಿ ಒಮ್ಮೆ ಕೂಗಿ, ಪ್ರತಿಧ್ವನಿ ಎಣಿಸಿ, ನಕ್ಕು ಇಳಿದು ಬರುತ್ತಾರೆ. ಎರಡನೆಯ ಸಲಕ್ಕೆ ಆ ಪ್ರತಿಧ್ವನಿಯೂ ಹಳತಾಗುತ್ತದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಆ ಸಮಾಧಿಯಲ್ಲಿ, ಹೊರಗಿನ ಅಳತೆಯಲ್ಲಿ 44 ಮೀಟರ್ ಅಗಲದ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ಹೊತ್ತು ನಿಂತಿರುವುದು ಒಂದನ್ನೊಂದು ಹಾಯುವ ಎಂಟು ಕಮಾನುಗಳು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ ಅವು ಮೇಲಕ್ಕೇರಿ, ಮೂಲೆಗಳನ್ನು ನುಂಗುತ್ತ ದುಂಡಾಗುತ್ತವೆ. ಹುಡುಗ ಕತ್ತು ನೋಯುವಷ್ಟು ಹೊತ್ತು ಅದನ್ನೇ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ. ಆಟದ ತುಂಡುಗಳಲ್ಲಿ ಆ ಕಮಾನು ಸರಿಯಾಗಿ ಕೂರಲಿಲ್ಲ. ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ. ಮೂರು ವಾರ ಇದೇ ಕೆಲಸ.

ಇದನ್ನು ಕೇಳಿ ಯಾರೂ ಆಟವನ್ನು ಶಾಲೆಯೆಂದು ತಿಳಿಯಬೇಕಾಗಿಲ್ಲ. ಆ ಮೂರು ವಾರ ಅವನು ರಾತ್ರಿ ಒಂದರ ಮೊದಲು ಮಲಗಲಿಲ್ಲ. ಕೊನೆಯ ತಂಡದ ಮಣೂಕಕ್ಕೆ ಗಂಧಕದ ಹೊಗೆ ಕೊಡುವ ದಿನ ಎಬ್ಬಿಸಿದರೂ ಏಳಲಿಲ್ಲ. ಅಕ್ಕ ಕಂಪ್ಯೂಟರಿನ ವಯರನ್ನು ಕಿತ್ತು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. ಇನ್ನೊಂದು ಮಾತು: ಗುಮ್ಮಟ ಹೇಗೋ ಮುಗಿದ ಮರುದಿನದಿಂದ ಹತ್ತು ದಿನ ಅವನು ಆಟವನ್ನು ತೆರೆಯಲೇ ಇಲ್ಲ.

ಮತ್ತೆ ತೆರೆದದ್ದು ಬಬಲೇಶ್ವರದ ಅವನ ಗೆಳೆಯನಿಂದಾಗಿ. ಅವನಿಗೂ ಎಲ್ಲಿಂದಲೋ ಈ ಆಟ ಸಿಕ್ಕಿತ್ತು. ನೆಟ್ ಇದ್ದ ದಿನ ಮಗ್ರಿಬ್ ಕಳೆದ ಮೇಲೆ ಇಬ್ಬರೂ ಅದೇ ಗ್ರಹದಲ್ಲಿ ಕೂಡುತ್ತಿದ್ದರು. ಒಬ್ಬ ಕಟ್ಟುವುದು, ಇನ್ನೊಬ್ಬ ಅಣಕಿಸುವುದು. ಅವರ ಮಾತಿನಲ್ಲಿ ಗ್ರಹಗಳ ಸುದ್ದಿ ಕಡಿಮೆ, ಕಾಲೇಜಿನ ಸುದ್ದಿಯೇ ಹೆಚ್ಚು.

ಉಳಿದವರು ಯಾಕೆ ಉಳಿದರು?

ದೊಡ್ಡ ಜಗತ್ತಿನಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಹಲೋ ಗೇಮ್ಸ್‌ನವರು ಆಟವನ್ನು ಕೈಬಿಟ್ಟು ಓಡಿಹೋಗಲಿಲ್ಲ. 2016ರ ನವೆಂಬರಿನಲ್ಲಿ ನೆಲೆ ಕಟ್ಟುವ ಸೌಕರ್ಯ ಕೊಟ್ಟರು. 2018ರ ಜುಲೈಯಲ್ಲಿ ಆಟಗಾರರು ಒಬ್ಬರಿಗೊಬ್ಬರು ನಿಜವಾಗಿ ಕಾಣುವಂತೆ ಮಾಡಿದರು. ಆಮೇಲೂ ವರ್ಷವರ್ಷ ಹೊಸದನ್ನು ಸೇರಿಸುತ್ತಲೇ ಬಂದರು, ಕೊಂಡವರಿಂದ ಮತ್ತೊಂದು ಪೈಸೆ ಕೇಳದೆ. ಬೈಗುಳವೇ ತುಂಬಿದ್ದ ಸ್ಟೀಮ್‌ನ ಅಭಿಪ್ರಾಯಗಳು 2024ರ ಹೊತ್ತಿಗೆ ಹೆಚ್ಚಿನಂಶ ಮೆಚ್ಚುಗೆಯಾಗಿ ತಿರುಗಿದ್ದವು. ಗಮನಿಸಬೇಕಾದದ್ದೇನೆಂದರೆ, ಗ್ರಹಗಳ ಎಣಿಕೆ ಹೆಚ್ಚಿಸಿದ್ದರಿಂದ ಜನ ಮರಳಲಿಲ್ಲ. ಅದು ಮೊದಲೇ ಬೇಕಾದ್ದಕ್ಕಿಂತ ಹೆಚ್ಚಿತ್ತು. ಮರಳಿದವರಿಗೆ ಕೆಲಸ ಸಿಕ್ಕಿತು, ಜೊತೆ ಸಿಕ್ಕಿತು. ‘ಗ್ಯಾಲಕ್ಟಿಕ್ ಹಬ್’ ಎಂಬ ಗುಂಪಿನವರಂತೂ ಆ ಅಪಾರ ಆಕಾಶದ ಒಂದು ಮೂಲೆಯನ್ನು ಆರಿಸಿಕೊಂಡು, ಅಲ್ಲಿಯೇ ಮನೆ ಮಾಡಿ, ಹೆಸರಿಟ್ಟು, ದಾಖಲೆ ಬರೆಯುತ್ತ ಕೂತರು. ‘ಎಲೀಟ್’ ಆಟದ 2014ರ ಹೊಸ ರೂಪದಲ್ಲಿ ನಮ್ಮ ಆಕಾಶಗಂಗೆಯ 40 ಸಾವಿರ ಕೋಟಿ ನಕ್ಷತ್ರವ್ಯವಸ್ಥೆಗಳಿವೆ. ಅಲ್ಲಿ ‘ಫ್ಯುಯೆಲ್ ರ‍್ಯಾಟ್ಸ್’ ಎಂಬ ಸ್ವಯಂಸೇವಕರು ಇಂಧನ ಮುಗಿದು ನಡುದಾರಿಯಲ್ಲಿ ನಿಂತವರಿಗೆ ಇಂಧನ ಒಯ್ದು ಕೊಡುವುದನ್ನೇ ಆಟ ಮಾಡಿಕೊಂಡಿದ್ದಾರೆ.

ಇದರಿಂದ ನನಗೆ ಅನಿಸುವುದಿಷ್ಟು. ಬರೀ ನೋಡುವವನಿಗೆ ಇಂಥ ಆಟ ಒಂದು ತಿಂಗಳಿನದು. ಕೈಯಲ್ಲಿ ಸ್ವಂತದ ಕೆಲಸವಿದ್ದವನಿಗೆ ಆ ಕೆಲಸ ಮುಗಿಯುವ ತನಕ. ಜೊತೆಗಾರರಿದ್ದರೆ ವರ್ಷಗಟ್ಟಲೆ. ಅಷ್ಟಾಗಿಯೂ ಅರವತ್ನಾಲ್ಕೇ ಮನೆಗಳ ಚದುರಂಗ ಸಾವಿರ ವರ್ಷಕ್ಕೂ ಮೀರಿ ಹಳತಾಗಿಲ್ಲ. ಅಲ್ಲಿ ಪ್ರತಿ ನಡೆಗೂ ಬೆಲೆ ತೆರಬೇಕು, ಎದುರಿಗೆ ಇನ್ನೊಬ್ಬ ಮನುಷ್ಯನಿರುತ್ತಾನೆ.

ಆಕಾಶದ ವಿಷಯದಲ್ಲೂ ಹಾಗೆಯೇ. ಕತ್ತಲ ರಾತ್ರಿ ಬರಿಗಣ್ಣಿಗೆ ಒಮ್ಮೆಗೆ ಕಾಣುವುದು ಎರಡು ಮೂರು ಸಾವಿರ ನಕ್ಷತ್ರಗಳು ಮಾತ್ರ. ಅಷ್ಟರಲ್ಲೇ ಅರಬರು ‘ಹಿಂಬಾಲಿಸುವವನು’ ಎಂಬರ್ಥದ ಅಲ್ ದಬರಾನ್, ‘ಕಾಲು’ ಎಂಬರ್ಥದ ರಿಜ್ಲ್ ಎಂದು ಹೆಸರಿಟ್ಟರು. ಇಂದು ಇಡೀ ಜಗತ್ತು ಅವನ್ನೇ ಅಲ್ಡೆಬರಾನ್, ರೈಜೆಲ್ ಎನ್ನುತ್ತದೆ. ಅಬ್ದುರ‍್ರಹ್ಮಾನ್ ಅಲ್ ಸೂಫಿ 964ರಲ್ಲಿ ಬರೆದ ಗ್ರಂಥದಲ್ಲಿ ‘ಪುಟ್ಟ ಮೋಡ’ವೆಂದು ಗುರುತಿಸಿದ್ದು ಇನ್ನೊಂದು ನಕ್ಷತ್ರಪುಂಜವೇ, ಆಂಡ್ರೊಮಿಡಾ. ನಮ್ಮ ಬಿಜಾಪುರದಲ್ಲೇ 1570ರಲ್ಲಿ ‘ನುಜೂಮುಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಗ್ರಹ–ರಾಶಿಗಳ ಚಿತ್ರಗಳಿರುವ ಆ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನವೆಂಬರಿನ ರಾತ್ರಿ ಬಬಲೇಶ್ವರದ ಹೊಲಗಳಿಂದ ಆ ‘ಪುಟ್ಟ ಮೋಡ’ವನ್ನು ಬರಿಗಣ್ಣಿನಲ್ಲೇ ನೋಡಬಹುದು.

ಪಾಲಕರಿಗೆ ಹೇಳಬೇಕಾದ ಒಂದು ವ್ಯತ್ಯಾಸವಿದೆ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅವು ಬೇರೆಯೇ ಜಾತಿ. ಇನ್ನು ಆಟದ ಗೀಳು ಕಾಯಿಲೆಯೇ ಎಂದು ಕೇಳುವವರಿಗೆ, ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಆದರೆ ಅದು ಗಂಟೆಗಳನ್ನು ಎಣಿಸುವುದಿಲ್ಲ. ಹಿಡಿತ ತಪ್ಪಿದೆಯೇ, ಬದುಕಿನ ಉಳಿದ ಕೆಲಸಗಳು ಹಿಂದೆ ಬಿದ್ದಿವೆಯೇ, ಹಾನಿ ಕಂಡರೂ ಬಿಡಲಾಗುತ್ತಿಲ್ಲವೇ, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿದೆಯೇ ಎಂದು ನೋಡುತ್ತದೆ. ರಜೆಯ ಮೂರು ವಾರದ ನಿದ್ದೆಗೇಡಿಗೆ ಅಮ್ಮನ ಕಪಾಟಿನ ಕೀಲಿಯೇ ಸಾಕು.

ಭಾವ ಕೊನೆಗೆ ಹೊಸ ಕಂಪ್ಯೂಟರು ಕೊಡಿಸಲಿಲ್ಲ. ಪುಣೆಯ ಹುಡುಗನ ಹಳೆಯದನ್ನೇ ಅರ್ಧ ಬೆಲೆಗೆ ಇಟ್ಟುಕೊಂಡರು. ಅದು ಇರಬೇಕಾದದ್ದು ಪಡಸಾಲೆಯಲ್ಲಿ, ರಾತ್ರಿ ಹತ್ತಕ್ಕೆ ಬಂದ್, ಶೆಡ್‌ನ ಬಾಕ್ಸುಗಳ ಲೆಕ್ಕವನ್ನೂ ಅದರಲ್ಲೇ ಬರೆಯಬೇಕು ಎಂದು ಷರತ್ತು. ಹುಡುಗ ಒಪ್ಪಿದ್ದಾನೆ. ಅವನ ಗ್ರಹಗಳ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಈಗ ಅಕ್ಕ ಕೂಲಿಯವರ ಪಗಾರ ಬರೆಯುತ್ತಾಳೆ.