ನಿಮಗಿದು ಗೊತ್ತೇ? ನಾಲ್ಕು ಸಾಲಿನ ಮಳೆಹಾಡಿನೊಳಗೆ ಎಷ್ಟೊಂದು ಕಸುಬು!

ಈ ಅಂಕಣಕ್ಕೆಂದೇ ಹೊಸೆದ ಪುಟ್ಟ ಪದ್ಯವಿದು. ಒಮ್ಮೆ ಗಟ್ಟಿಯಾಗಿ ಓದಿ:

ಮಳೆಯ ಮಣಿಗಳು ಮಣ್ಣ ಮುಟ್ಟಿವೆ
ಎಳೆಯ ಗರಿಕೆಗೆ ಮುತ್ತನಿಟ್ಟಿವೆ
ಹೊಳೆಯೆ ಹುಡುಗಿಯು, ಹಾಡಿ ಕುಣಿವಳು
ಇಳೆಯು ಹಸಿರಿನ ಬಳೆಯ ತೊಡುವಳು

● ಮಳೆ, ಎಳೆ, ಹೊಳೆ, ಇಳೆ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲೂ ‘ಳ’ಕಾರವಿದೆ. ಇದೇ ಆದಿಪ್ರಾಸ. ಹಳಗನ್ನಡ ಪದ್ಯಕ್ಕೆ ಇದು ಕಡ್ಡಾಯವೆನ್ನುವಷ್ಟು ಬಿಗಿಯಾದ ಕಟ್ಟು.

● ಆದಿಪ್ರಾಸಗಳಿಗೆ ಪ್ರಾಣಿಗಳ ಹೆಸರು! ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ (ಮಳೆ, ಹೊಳೆ), ದೀರ್ಘವಿದ್ದರೆ ಗಜ (ಕಾಡು, ಗೂಡು), ಅನುಸ್ವಾರವಿದ್ದರೆ ವೃಷಭ (ತಂಪು, ಕಂಪು), ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ವಿಜಾತೀಯ ಒತ್ತಕ್ಷರವಾದರೆ ಶರಭ (ಪಕ್ಷಿ, ವೃಕ್ಷ), ಸಜಾತೀಯವಾದರೆ ಹಯ (ಮಣ್ಣು, ಹಣ್ಣು).

● ಮುಟ್ಟಿವೆ–ಇಟ್ಟಿವೆ, ಕುಣಿವಳು–ತೊಡುವಳು: ಇವು ಅಂತ್ಯಪ್ರಾಸ. ರಗಳೆಯಲ್ಲಿ ಎರಡೆರಡು ಸಾಲಿಗೆ ಆದಿ, ಅಂತ್ಯ ಎರಡೂ ಕೂಡಿಬರುತ್ತವೆ. ಅಂಥ ರಗಳೆಯೊಂದರ ಹೆಸರು ಮಂದಾನಿಲ, ಅಂದರೆ ತಂಗಾಳಿ.

● ಮೊದಲ ಸಾಲಿನ ನಾಲ್ಕು ಪದಗಳೂ ‘ಮ’ಕಾರದಿಂದಲೇ ಶುರು. ಒಂದೇ ವ್ಯಂಜನ ಹೀಗೆ ಮರಮರಳಿ ಬಂದರೆ ವೃತ್ತ್ಯನುಪ್ರಾಸ.

● ‘ಮುತ್ತು’ ಎಂಬಲ್ಲಿ ಮಣಿಯೂ ಉಂಟು, ಚುಂಬನವೂ ಉಂಟು. ಒಂದೇ ಪದ ಎರಡರ್ಥಕ್ಕೆ ಒದಗಿದರೆ ಶ್ಲೇಷೆ.

● ‘ಹೊಳೆಯೆ ಹುಡುಗಿ’ ಎಂದರೆ ರೂಪಕ. ‘ಹುಡುಗಿಯಂತೆ ಹೊಳೆ’ ಎಂದಿದ್ದರೆ ಅದು ಉಪಮೆ.

● ಹ್ರಸ್ವಕ್ಕೆ 1, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2 ಎಂದು ಎಣಿಸಿ ನೋಡಿ: ಪ್ರತಿ ಸಾಲಿಗೂ 3+4+3+4, ಒಟ್ಟು 14 ಮಾತ್ರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳ ಅಳತೆಯೂ ಇದೇ. ಅದರ 3 ಮತ್ತು 6ನೇ ಸಾಲುಗಳಿಗೆ ಮಾತ್ರ 23 ಮಾತ್ರೆ.

● ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಕೃತಿ, 9ನೇ ಶತಮಾನದ ‘ಕವಿರಾಜಮಾರ್ಗ’, ಕಥೆಯಲ್ಲ. ಕಾವ್ಯ ಕಟ್ಟುವ ಬಗೆ ಹೇಳುವ ಲಕ್ಷಣಗ್ರಂಥ!

● ಆದಿಪ್ರಾಸದ ಹಂಗು ತೊರೆದು ಹೊಸಗನ್ನಡ ಕವಿತೆಗೆ ದಾರಿ ಬಿಟ್ಟವರಲ್ಲಿ ಮಂಜೇಶ್ವರದ ಗೋವಿಂದ ಪೈ ಮೊದಲಿಗರು. ವರ್ಷ 1911.

ಕಟ್ಟು ಸಡಿಲಿದರೂ ಕಿವಿ ಇನ್ನೂ ಪ್ರಾಸವನ್ನು ಬಯಸುತ್ತದೆ. ‘ಗಾಳಿ’ಗೆ ಹೊಂದುವ ಗಜಪ್ರಾಸದ ಇನ್ನು ಮೂರು ಪದ ಹುಡುಕಿ, ನಿಮ್ಮದೇ ನಾಲ್ಕು ಸಾಲು ಕಟ್ಟಿ ನೋಡಿ!