ಮರುಪುಟಿಸದ ಗೋಡೆ

ಕಲ್ಲುಕಟ್ಟಡದ ಕಲ್ಯಾಣಿಗೆ ಒಂದು ಹರಳನ್ನೆಸೆದು ನೋಡಿರಿ. ಅಲೆಗಳು ಕಲ್ಲಿಗೆ ಬಡಿದು ಹಿಂದಿರುಗಿ, ಹಿಂದೆ ಬರುವ ಅಲೆಗಳೊಡನೆ ಕಲೆತು ನೀರನ್ನೆಲ್ಲ ಕದಡುತ್ತವೆ. ಇಳಿಜಾರು ದಂಡೆಯ ಕೆರೆಯಲ್ಲಾದರೋ ಅಲೆಯು ಮರಳಿನಲ್ಲಿ ಸದ್ದಿಲ್ಲದೆ ಅಡಗುತ್ತದೆ. ಈ ಅಲ್ಪ ವ್ಯತ್ಯಾಸವೇ ಬೆಳಕಿನ ಲೆಕ್ಕಾಚಾರ ಮಾಡುವವರನ್ನು ಅನೇಕ ವರ್ಷ ಕಾಡಿತೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಇಂದು ನಮ್ಮ ಮಾತನ್ನೂ ಚಿತ್ರಗಳನ್ನೂ ಖಂಡಾಂತರಗಳಿಗೆ ಒಯ್ಯುವುದು ಗಾಜಿನ ಎಳೆ. ಅದೇ ಆಪ್ಟಿಕಲ್ ಫೈಬರ್. ಅದರ ನಡುವಣ ತಿರುಳು ಸುಮಾರು 9 ಮೈಕ್ರಾನ್. ಗಾಜಿನ ಹೊದಿಕೆಯೂ ಸೇರಿದರೆ ವ್ಯಾಸ 125 ಮೈಕ್ರಾನ್. ಎಳೆ ನೇರವಾಗಿರುವಾಗ ಬೆಳಕು ತಿರುಳನ್ನು ಬಿಟ್ಟು ಕದಲದು. ಬಿಗಿಯಾಗಿ ಬಾಗಿಸಿದರೆ ಒಂದು ಪಾಲು ಹೊರಗೆ ಸೋರಿಹೋಗುತ್ತದೆ. ಎಷ್ಟು ಸೋರೀತೆಂದು ಎಳೆ ತಯಾರಾಗುವ ಮೊದಲೇ ತಿಳಿಯಬೇಕಾದರೆ, ಗಣಕಯಂತ್ರದಲ್ಲಿ ಅದರ ಪ್ರತಿರೂಪವನ್ನು ಕಲ್ಪಿಸಿ ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸಬೇಕು.

ತೊಡಕಿರುವುದು ಇಲ್ಲಿಯೇ. ಗಣಕದ ನೆನಪಿಗೆ ಮಿತಿಯುಂಟು. ಅದರ ಜಗತ್ತು ಎಲ್ಲಿಯಾದರೂ ಮುಗಿಯಲೇಬೇಕು. ಮುಗಿದೆಡೆಯಲ್ಲಿ ಗೋಡೆ. ಸೋರಿ ಹೋಗಬೇಕಾದ ಬೆಳಕು ಆ ಗೋಡೆಗೆ ಬಡಿದು ತಿರುಳಿಗೆ ಮರಳಿ, ಏನೂ ನಷ್ಟವಾಗಿಲ್ಲವೆಂದು ಸುಳ್ಳುಸಾಕ್ಷಿ ನುಡಿಯಬಲ್ಲುದು. ಗೋಡೆಯನ್ನು ತುಸು ಸರಿಸಿದರೆ ಉತ್ತರವೇ ಬದಲಾಗುತ್ತದೆ. ಅಂತಹ ಉತ್ತರವನ್ನು ನಂಬಿ ಕೇಬಲ್ ಹಾಸುವವರಾರು?

ಬೆಳಕನ್ನು ಹೀರುವ ಪದಾರ್ಥವೊಂದನ್ನು ಗೋಡೆಗೆ ಬಳಿದರಾಯಿತು ಎನ್ನಬಹುದು. ಆದರೆ ಮಾಧ್ಯಮವು ಥಟ್ಟನೆ ಬದಲಾದುದರಿಂದಲೇ ಒಂದಿಷ್ಟು ಬೆಳಕು ಮರುಪುಟಿಯುತ್ತದೆ! 1977ರಲ್ಲಿ ಎಂಗ್‌ಕ್ವಿಸ್ಟ್ ಮತ್ತು ಮಜ್ಡಾ, 1981ರಲ್ಲಿ ಮುರ್ ಅಂಚಿಗೆ ಗಣಿತದ ಕಟ್ಟಳೆಗಳನ್ನು ಹೂಡಿದರು. ನೇರವಾಗಿ ಬಂದ ಅಲೆ ಅವಕ್ಕೆ ಚೆನ್ನಾಗಿ ಮಣಿಯಿತು; ತೀರ ಓರೆಯಾಗಿ ಬಂದುದು ಅಷ್ಟಾಗಿ ಮಣಿಯಲಿಲ್ಲ.

1994ರಲ್ಲಿ ಫ್ರಾನ್ಸಿನ ಜ್ಯಾಂ-ಪಿಯೇರ್ ಬೆರಾಂಜೆ ಒಂದು ವಿಚಿತ್ರವಾದ ಪದರವನ್ನು ಸೂಚಿಸಿದರು. ನಿಸರ್ಗದಲ್ಲಿ ಇಂತಹ ಪದಾರ್ಥವೇ ಇಲ್ಲ. ಅದು ಕೇವಲ ಗಣಿತದ ಸೃಷ್ಟಿ. ಅಲೆಯ ಕ್ಷೇತ್ರವನ್ನು ಎರಡಾಗಿ ಸೀಳಿ, ಗೋಡೆಯ ದಿಕ್ಕಿಗೆ ಸಾಗುವ ಭಾಗವನ್ನು ಮಾತ್ರ ಕುಗ್ಗಿಸಿದುದೇ ಅವರ ಉಪಾಯ. ಯಾವ ಕೋನದಲ್ಲಿ, ಯಾವ ಬಣ್ಣದ ಬೆಳಕು ಬಂದರೂ ಹೊಸ್ತಿಲಲ್ಲಿ ತಡೆಯಿಲ್ಲ. ಒಳಹೊಕ್ಕ ಮೇಲೆ ಹೆಜ್ಜೆಹೆಜ್ಜೆಗೂ ಕ್ಷೀಣಿಸುತ್ತದೆ. ಕೊನೆಯ ಗೋಡೆಗೆ ಬಡಿದು ಮರಳುವಾಗಲೂ ಅದೇ ದಾರಿಯನ್ನು ಮತ್ತೆ ತುಳಿಯಬೇಕಾದುದರಿಂದ ಹೊರಬರುವುದು ಗಣನೆಗೇ ಬಾರದಷ್ಟು. ಅದೇ ವರ್ಷ ಚ್ಯೂ ಮತ್ತು ವೀಡನ್ ಇದನ್ನೇ ದೂರವನ್ನು ಸಂಮಿಶ್ರ ಸಂಖ್ಯೆಯಾಗಿಸುವ ಬಗೆಯಿಂದ ವಿವರಿಸಿದರು. ನನಗಂತೂ ಈ ಎರಡನೆಯ ವಿವರಣೆಯೇ ಹೆಚ್ಚು ಸುಂದರವೆನಿಸುತ್ತದೆ.

‘ಪರ್ಫೆಕ್ಟ್ಲಿ ಮ್ಯಾಚ್ಡ್ ಲೇಯರ್’ ಎಂಬ ಹೆಸರೇನೋ ದೊಡ್ಡದು. ಆದರೆ ಗಣಕವು ಜಾಗವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವುದರಿಂದ ಆ ಪರಿಪೂರ್ಣತೆ ತುಸು ಮುಕ್ಕಾಗುತ್ತದೆ. ಆದುದರಿಂದ ಹೀರುವಿಕೆಯನ್ನು ಸೊನ್ನೆಯಿಂದ ಮೆಲ್ಲನೆ ಏರಿಸುತ್ತಾರೆ, ಕೆರೆಯ ದಂಡೆಯಂತೆಯೇ. ಪದರವನ್ನು ತಿರುಳಿಗೆ ತೀರ ಹತ್ತಿರ ಇರಿಸುವುದೂ ಸಲ್ಲದು. ತಿರುಳಿನ ಬೆಳಕು ಹೊದಿಕೆಯೊಳಕ್ಕೂ ಕೊಂಚ ಚಾಚಿರುತ್ತದೆ. ಅದಕ್ಕೆ ಪದರ ತಾಗಿದರೆ ಇಲ್ಲದ ನಷ್ಟವೂ ಲೆಕ್ಕದಲ್ಲಿ ಕಂಡೀತು. ಬಲ್ಲವರು ಪದರದ ದಪ್ಪವನ್ನೂ ಜಾಗವನ್ನೂ ಬದಲಿಸಿ ಮತ್ತೊಮ್ಮೆ ಲೆಕ್ಕ ಹಾಕುತ್ತಾರೆ. ಆಗಲೂ ನಷ್ಟದ ಅಂಕಿ ಕದಲದಿದ್ದರೆ ಅದನ್ನು ಎಳೆ ತಯಾರಿಸುವವರ ಕೈಗೆ ಕೊಡುತ್ತಾರೆ.