ಬೆನ್ನ ಮೇಲೆ ಊಟ, ಕಣ್ಣ ಮುಂದೆ ಮೊಬೈಲು

ಸಂಜೆ ಏಳು ದಾಟಿದರೆ ರಾಮನಗರದ ಐಜೂರು ಸರ್ಕಲ್ಲಿಗೆ ಬೇರೆಯೇ ಕಳೆ. ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ತಂದ ಗಾಡಿಗಳು ಊರು ಸೇರಿ ಎಷ್ಟೋ ಹೊತ್ತಾಗಿದೆ. ಈಗ ಬಿರಿಯಾನಿ ಹೋಟೆಲ್ಲಿನ ಮುಂದೆ ಡೆಲಿವರಿ ಹುಡುಗರ ಬೈಕುಗಳ ಸಾಲು. ಹ್ಯಾಂಡಲ್ಲಿಗೆ ಸಿಕ್ಕಿಸಿದ ಮೊಬೈಲಿಗೆ ಮಳೆಯ ಭಯಕ್ಕೆ ಸುತ್ತಿದ ಪ್ಲಾಸ್ಟಿಕ್ಕು; ಮೂಲೆ ಹರಿದ ಬ್ಯಾಗಿಗೆ ಅಂಟಿಸಿದ ಟೇಪು. ಕೂರಲು ಕಟ್ಟೆಯಿಲ್ಲ. ಸೀಟೇ ಮಂಚ, ಟ್ಯಾಂಕೇ ದಿಂಬು.

"ಆರ್ಡರ್ ಬಿತ್ತು ಕಣ್ಲಾ" ಎನ್ನುತ್ತಲೇ ಒಬ್ಬ ಹೆಲ್ಮೆಟ್ ಏರಿಸಿಕೊಂಡು ಒಳಗೆ ಓಡುತ್ತಾನೆ. ಅಡುಗೆ ಇನ್ನೂ ಆಗಿಲ್ಲ. "ಐದ್ ನಿಮ್ಷ ಇರಪ್ಪ" ಎಂದ ಕೌಂಟರಿನವ ಪಾರ್ಸೆಲ್ ಕಟ್ಟುವಷ್ಟರಲ್ಲಿ ಹತ್ತಾಗುತ್ತದೆ. ಅಲ್ಲಿ ಕಳೆದ ಹೊತ್ತನ್ನು ಇವನು ರಸ್ತೆಯಲ್ಲಿ ಹಿಡಿಯಬೇಕು. ಅತ್ತ ಮನೆಯಲ್ಲಿ ಕುಳಿತ ಗ್ರಾಹಕನ ಕಣ್ಣು ಪರದೆಯಲ್ಲಿ ಹರಿದಾಡುವ ಪುಟ್ಟ ಬೈಕಿನ ಮೇಲೆ. ತಡವಾದರೆ ಕುಗ್ಗುವುದು ಸವಾರನ ರೇಟಿಂಗು.

ದಾರಿಯಾದರೂ ಎಂಥದ್ದು? 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು ಹತ್ತುವಂತಿಲ್ಲ. ಬಿಡದಿಯತ್ತ ಹೋಗಲಿ, ಚನ್ನಪಟ್ಟಣದತ್ತ ಹೋಗಲಿ, ಹಳೇ ಮೈಸೂರು ರಸ್ತೆಯೇ ಗತಿ: ಬಸ್ಸು, ಟಿಪ್ಪರು, ಎದುರು ದಿಕ್ಕಿನಿಂದ ನುಗ್ಗುವ ಆಟೊ. ಬಡಾವಣೆಗೆ ತಿರುಗಿದರೆ ದೀಪವಿಲ್ಲದ ಕ್ರಾಸು, ಬೆನ್ನಟ್ಟುವ ನಾಯಿ. ಮಳೆಗಾಲದ ಮಾತೇ ಬೇಡ. 2022ರ ಆಗಸ್ಟಿನಲ್ಲಿ ಇಲ್ಲಿನ ಸಂಗಬಸವನದೊಡ್ಡಿ ಬಳಿ ಹೆದ್ದಾರಿಯ ಕೆಳಸೇತುವೆಯೇ ತುಂಬಿ ವಾಹನಗಳು ನೀರಲ್ಲಿ ನಿಂತಿದ್ದವು.

ಬಿದ್ದವರ ಕೈ ಹಿಡಿಯಲು ಸರ್ಕಾರ ಮುಂದಾಗಿದೆ. 2023ರಲ್ಲಿ ಘೋಷಿಸಿದ ಯೋಜನೆಯಲ್ಲಿ ಇವರಂಥ ಗಿಗ್ ಕಾರ್ಮಿಕರಿಗೆ 2 ಲಕ್ಷ ರೂಪಾಯಿ ಜೀವವಿಮೆ, 2 ಲಕ್ಷ ರೂಪಾಯಿ ಅಪಘಾತ ವಿಮೆ. 2025ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಪ್ರತಿ ಆರ್ಡರಿಗೆ ಸವಾರನಿಗೆ ಸಿಗುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಸವಾರನಿಗೆ 30 ರೂಪಾಯಿ ಬಂದರೆ ನಿಧಿಗೆ 30 ಪೈಸೆಯಿಂದ ಒಂದೂವರೆ ರೂಪಾಯಿ. ಕೆಲಸದಿಂದ ತೆಗೆಯುವುದಿದ್ದರೆ ಸಾಮಾನ್ಯವಾಗಿ 14 ದಿನ ಮೊದಲೇ ಕಾರಣ ತಿಳಿಸಿ ನೋಟಿಸು ಕೊಡಬೇಕು. ಬೆಳಿಗ್ಗೆ ಎದ್ದಾಗ ಐಡಿ ಬ್ಲಾಕ್ ಆಗಿರುತ್ತದೋ ಏನೋ ಎಂಬ ದಿಗಿಲಿನಲ್ಲೇ ಮಲಗುವವರಿಗೆ ಇದು ಸಣ್ಣ ಸಮಾಧಾನವಲ್ಲ.

ಆದರೆ ವಿಮೆ ಬರುವುದು ಬಿದ್ದ ಮೇಲೆ. ಬೀಳದಿರಲು ಬೇಕಾದ್ದು ಬಿಡುವು. ಹೋಟೆಲ್ಲಿನಲ್ಲಿ ಹೋದ ಆ ಹತ್ತು ನಿಮಿಷವನ್ನು ಸವಾರನ ಲೆಕ್ಕದಿಂದ ಬಿಟ್ಟರೆ ಅವನು ಹಂಪಿನಲ್ಲಿ ಬ್ರೇಕ್ ಹಿಡಿದಾನು. ಬಿರಿಯಾನಿ ಆರಿದರೆ ಬಿಸಿ ಮಾಡಿಕೊಳ್ಳಲು ಪ್ರತಿ ಮನೆಯಲ್ಲೂ ಒಲೆಯಿದೆ.